ಕರಿಮೀನು ಬರೆದ ಉತ್ತರ

ತಿರುವನಂತಪುರದ ಐಟಿ ಕಂಪನಿಗಳ ಮಗ್ಗುಲಿನ ಕಳಕ್ಕೂಟ್ಟಂನ ಬಾಡಿಗೆ ಫ್ಲಾಟುಗಳಲ್ಲಿ ಕೆಲಸ ಹೋದವರನ್ನು ಗುರುತಿಸುವುದು ಕಷ್ಟವಲ್ಲ. ಎಲ್ಲರೂ ಆಫೀಸಿಗೆ ಹೊರಟು ಕಟ್ಟಡ ಖಾಲಿಯಾದ ಮೇಲೆ ಅವರು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿರುತ್ತಾರೆ. ಈ ವರ್ಷ ಮೂರನೇ ಮಹಡಿಯ ಬಿನಿಲಾ ಅಂಥವರ ಸಾಲಿಗೆ ಸೇರಿದಳು.

ಓದು ಮುಗಿದಾಗಿನಿಂದ ಅವಳದು ಒಂದೇ ಕಂಪನಿ, ಡೇಟಾಬೇಸ್ ಕೆಲಸ. ನಿಧಾನವಾದದ್ದನ್ನು ಚುರುಕು ಮಾಡುವುದು, ಕೆಟ್ಟು ನಿಂತದ್ದನ್ನು ನಡೆಸುವುದು. ಹೊರದೇಶದ ಗಿರಾಕಿ ಕೈಬಿಟ್ಟ, ತಂಡವನ್ನೇ ಮುಚ್ಚಿದರು. ಮೊದಮೊದಲು ಜೊತೆಯವರ ಫೋನ್ ಬರುತ್ತಿತ್ತು. ಆಮೇಲೆ ಅವರವರ ಪಾಡು ಅವರವರಿಗಾಯಿತು. ಈಗ ಅವಳಿಗೆ ಫೋನ್ ಮಾಡುವವನು ತ್ರಿಶೂರಿನಲ್ಲಿರುವ ಅಣ್ಣ ಪ್ರಜೋದ್ ಒಬ್ಬನೇ.

"ಇನ್ನೂ ಯಾಕೆ ಅಲ್ಲಿ ಒಬ್ಳೇ ಕೂತಿದೀಯ? ಬಾಡಿಗೆ ದಂಡ. ಇಲ್ಲಿ ಮಾಳಿಗೆ ರೂಮು ಖಾಲಿ ಬಿದ್ದಿದೆ. ಓಣಂ ಒಳಗೆ ಬಂದ್ಬಿಡು. ಮಕ್ಕಳಿಗೆ ಲೆಕ್ಕ ಹೇಳ್ಕೊಟ್ಕೊಂಡು ಇರು."

"ನೋಡ್ತೀನಿ ಏಟ್ಟಾ," ಎಂದಳು ಅಣ್ಣನಿಗೆ.

ಆ ಮಾಳಿಗೆ ಹತ್ತಿದರೆ ಮತ್ತೆ ಇಳಿಯುವುದಿಲ್ಲವೆಂದು ಬಿನಿಲಾಗೆ ಗೊತ್ತಿತ್ತು. ಊಟಕ್ಕೆ ಕೊರತೆ ಇರದು. ಆದರೆ ಉಳಿದ ಬದುಕೆಲ್ಲ ಅಣ್ಣನ ಮನೆಯ ಅತಿಥಿಯಾಗಿಯೇ.

ಅಷ್ಟರಲ್ಲಿ ಒಂದು ಇಂಟರ್‌ವ್ಯೂ ಬಂತು. ಪರದೆಯ ಮೇಲೆ ಇಬ್ಬರು ಗಂಡಸರು. ಎರಡು ಕೆಲಸಗಳು ಒಂದಕ್ಕೊಂದು ಕಾಯುತ್ತ ಎರಡೂ ನಿಂತುಹೋದರೆ ಏನು ಮಾಡುತ್ತೀರಿ ಎಂದು ಅವರಲ್ಲಿ ಹಿರಿಯ ಕೇಳಿದ. ಬಿನಿಲಾಗೆ ಇದು ಅಂಗೈ ಗೆರೆಯಷ್ಟು ಪರಿಚಯ.

"ಕಿರಿದಾದ ಕಾಲುವೆಯಲ್ಲಿ ಎರಡು ದೋಣಿ ಎದುರಾದ ಹಾಗೆ ಸರ್. ಯಾರು ಹಿಂದೆ ಸರೀಬೇಕು ಅಂತ ದೋಣಿ ಬಿಡೋ ಮುಂಚೆನೇ ಗೊತ್ತಿರ್ಬೇಕು. ಮಧ್ಯದಲ್ಲಿ ನಿಂತು ಜಗಳ ಆಡಿದ್ರೆ..."

ಹಿರಿಯ ನಕ್ಕ. "ಈ ದೋಣಿ ಕಥೆ ನಾನೂ ಓದಿದೀನಿ. ಕರಿಮೀನ್ ಅಂತ ಒಬ್ಬ ಬರೀತಾನಲ್ಲ, ಅವನದು. ಬಾಯಿಪಾಠ ಚೆನ್ನಾಗಿ ಮಾಡಿದೀರಿ. ನಿಮ್ಮ ಸ್ವಂತದ್ದು ಏನಾದ್ರೂ ಇದ್ರೆ ಹೇಳಿ."

ಕರಿಮೀನು ಬಿನಿಲಾಳೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಪ್ರಶ್ನೋತ್ತರದ ತಾಣವೊಂದರಲ್ಲಿ ಸ್ವಂತ ಹೆಸರಿನಿಂದಲೇ ಬರೆಯುತ್ತಿದ್ದಳು. ಮದುವೆ ಆಗಿದೆಯಾ ಎಂದು ಒಬ್ಬ ಕೇಳಿದ. ಯಾರಿಂದ ಕಾಪಿ ಹೊಡೆದೆ ಎಂದು ಇನ್ನೊಬ್ಬ. ಅವಳು ಹೆಸರು ಅಳಿಸಿ ಕರಿಮೀನು ಎಂದು ಬರೆದು ಮೀನಿನ ಚಿತ್ರ ಹಾಕಿದಳು. ಆಮೇಲೆ ಎಲ್ಲರೂ ಮರ್ಯಾದೆಯಿಂದ "ಥ್ಯಾಂಕ್ಸ್ ಬ್ರದರ್" ಎನ್ನತೊಡಗಿದರು. ರಜೆಯ ದಿನಗಳಲ್ಲಿ, ಮಾತಿಗೆ ಜನವಿಲ್ಲದ ಸಂಜೆಗಳಲ್ಲಿ, ಗುರುತಿಲ್ಲದವರ ತೊಡಕು ಬಿಡಿಸುತ್ತ ಅವಳು ವರ್ಷಗಳನ್ನೇ ಕಳೆದಿದ್ದಳು.

ಈಗ ಅದು ನಾನೇ ಎಂದರೆ ನಂಬುವವರು ಯಾರು?

"ಹೌದು ಸರ್," ಅಂದಳು. "ಓದಿದ್ದೆ."

ಕೆಲಸ ಸಿಗಲಿಲ್ಲ.

ಎಲ್ಲರೂ ಚೇಚಿ, ಅಂದರೆ ಅಕ್ಕ, ಎನ್ನುವ ನೆಲಮಹಡಿಯ ಮರಿಯಾಮ್ಮ ಬೇರೊಂದು ಕಂಪನಿಯಲ್ಲಿ ಕೆಲಸಕ್ಕೆ ಜನರನ್ನು ಆರಿಸುವವಳು. ಭಾನುವಾರ ಚಹಾದಂಗಡಿಯಲ್ಲಿ ಬಿನಿಲಾಳನ್ನು ಹಿಡಿದು ಕೂರಿಸಿದಳು. ಕರಿಮೀನು, ಇಂಟರ್‌ವ್ಯೂ, ಅಣ್ಣನ ಮಾಳಿಗೆ, ಎಲ್ಲ ಕಥೆ ಕೇಳಿ ಬಾಳೆಹಣ್ಣಿನ ಬಜ್ಜಿಯನ್ನು ತಟ್ಟೆಗೆ ಎಸೆದಳು.

"ನಿನ್ನ ಮಾತನ್ನ ನೀನೇ ಕದ್ದೆ ಅಂತ ಒಪ್ಕೊಂಡು ಬಂದೆಯಾ? ಲೋಕದಲ್ಲಿ ಇಂಥ ಕಳ್ಳಿ ನೀನೊಬ್ಳೇ ಮಗಳೇ!"

"ನಗ್ಬೇಡಿ ಚೇಚಿ. ಕೆಲಸ ಚೆನ್ನಾಗಿದ್ರೆ ಅದೇ ಮಾತಾಡುತ್ತೆ ಅಂದ್ಕೊಂಡಿದ್ದೆ."

"ಕೆಲಸಕ್ಕೆ ಬಾಯಿ ಎಲ್ಲಿದೆ? ನನ್ನ ಮುಂದೆ ದಿನಾ ಅರ್ಜಿ ರಾಶಿ ಬೀಳುತ್ತೆ. ನಿನ್ನ ಅರ್ಜಿಯಲ್ಲಿ ಏನಿದೆ? 'ಡೇಟಾಬೇಸ್ ನಿರ್ವಹಣೆ'. ಎಲ್ಲರದ್ರಲ್ಲೂ ಅದೇ. ನಾನು ಏನು ನೋಡಿ ಕರೀಲಿ, ಮುಖಲಕ್ಷಣ ನೋಡಿಯಾ?"

"ಹಾಗಂತ ನಾನೂ ಆನ್‌ಲೈನ್‌ನಲ್ಲಿ ದಿನಾ ಪೋಸ್ಟ್ ಹಾಕೋರ ಥರ ಆಗ್ಲಾ? 'ಇವತ್ತು ಹಲ್ಲುಜ್ಜುವಾಗ ನಾಯಕತ್ವದ ಪಾಠ ಕಲಿತೆ' ಅಂತ ಬರೀಲಾ?"

ಚೇಚಿಗೆ ನಗು ತಡೆಯಲಾಗಲಿಲ್ಲ. "ಅದು ಬಡಾಯಿ. ನಾವೂ ಓದಲ್ಲ, ಹಾಗೇ ದಾಟಿಸ್ತೀವಿ. ನೀನು ಕಂಡಿದ್ದನ್ನ ಬರಿ. ತೊಂದರೆ ಏನಿತ್ತು, ನೀನು ಏನು ಮಾಡ್ದೆ, ಆಮೇಲೆ ಏನಾಯ್ತು. ಕಂಪನಿ ಗುಟ್ಟು ಬೇಡ, ಗಿರಾಕಿ ಹೆಸರು ಬೇಡ. ಸೋತಿದ್ರೆ ಸೋತೆ ಅಂತಲೇ ಬರಿ. ಹಳೇ ಟೀಮಿನವರ ಹತ್ರ ನಿನ್ನ ಬಗ್ಗೆ ನಾಲ್ಕು ಸಾಲು ಬರೆಸ್ಕೋ."

"ಕೇಳೋಕೆ ನಾಚಿಕೆ ಆಗುತ್ತೆ."

"ನಾಚ್ಕೊಂಡು ತ್ರಿಶೂರಿನ ಮಾಳಿಗೆ ಹತ್ತು, ಹೋಗು."

ಬಿನಿಲಾ ಚಹಾದ ಮೇಲೆ ಕಟ್ಟಿದ ಕೆನೆ ತೆಗೆದಳು.

"ಮತ್ತೆ ಆ 'ಮದುವೆ ಆಗಿದೆಯಾ' ಮೆಸೇಜುಗಳು ಬಂದ್ರೆ?" ಎಂದು ಕೇಳಿದಳು.

"ಬರ್ತವೆ. ಸುಳ್ಳು ಹೇಳಲ್ಲ," ಎಂದಳು ಚೇಚಿ. "ಫೋನ್ ನಂಬರ್, ಮನೆ ವಿಳಾಸ ಎಲ್ಲೂ ಹಾಕ್ಬೇಡ. ಕೊಳಕು ಮಾತಾಡೋನನ್ನ ಬ್ಲಾಕ್ ಮಾಡು, ದೂರು ಕೊಡು. ಅವನಿಗೆ ಹೆದರಿ ನೀನು ಮೀನಾಗಿ ಇಷ್ಟು ವರ್ಷ ನೀರೊಳಗೇ ಇದ್ದೆಯಲ್ಲ, ಅವನು ಏನು ಕಳ್ಕೊಂಡ?"

ಅಂದೇ ಬಿನಿಲಾ ಆ ತಾಣದಲ್ಲಿ ಹೆಸರಿನ ಜಾಗವನ್ನು ತಿದ್ದಿದಳು, ಮೀನಿನ ಬದಲು ತನ್ನ ಫೋಟೋ ಹಾಕಿದಳು. ಅವಳ ಹಳೆಯ ಉತ್ತರಗಳ ಕೆಳಗೆಲ್ಲ ಕರಿಮೀನು ಹೋಗಿ ಬಿನಿಲಾ ಎಂದಾಯಿತು. ಹಳೆಯ ಮೇಲಧಿಕಾರಿಗೆ ನಾಚುತ್ತಲೇ ಬರೆದು ಕೇಳಿದಳು. ಅವರು ಎರಡೇ ಸಾಲು ಕೊಟ್ಟರು, ಆದರೆ ಕೊಟ್ಟರು. ಹಳೆಯ ತಂಡದ ಮತ್ತೊಬ್ಬಳು ಉತ್ತರವನ್ನೇ ಕೊಡಲಿಲ್ಲ. ಬಿನಿಲಾ ವಾರಕ್ಕೊಂದು ಬರಹ ಹಾಕಿದಳು. ಮೊದಲನೆಯದನ್ನು ಓದಿದವಳು ಬಹುಶಃ ಚೇಚಿ ಒಬ್ಬಳೇ.

ಅಣ್ಣನಿಗೆ ವಿಷಯ ತಿಳಿದು ಫೋನಿನಲ್ಲೇ ಕೂಗಾಡಿದ. "ಹೆಸರು, ಫೋಟೋ ಎಲ್ಲ ಬೀದಿಗೆ ಹಾಕಿದೀಯ! ಹೆಣ್ಮಕ್ಕಳಿಗೆ ಇದೆಲ್ಲ ಬೇಕಾ?"

"ಬೈಯೋ ಮುಂಚೆ ಒಂದ್ಸಲ ಓದು ಏಟ್ಟಾ."

ಓದಿದ. ಅರ್ಥವಾದದ್ದು ಅಷ್ಟಕ್ಕಷ್ಟೇ. ಆದರೆ ಕೆಳಗಿನ ಮಾತುಗಳು ಅರ್ಥವಾದವು. ನಿಮ್ಮ ಉತ್ತರದಿಂದ ನನ್ನ ಕೆಲಸ ಉಳಿಯಿತು ಎಂದು ಕೊಯಮತ್ತೂರಿನವನೊಬ್ಬ ಬರೆದಿದ್ದ. ಇಷ್ಟು ದಿನ ಗಂಡಸೆಂದುಕೊಂಡಿದ್ದೆ, ಕ್ಷಮಿಸಿ ಅಕ್ಕ ಎಂದು ಇನ್ನೊಬ್ಬ. ಮರುದಿನ ಪ್ರಜೋದ್ ಮತ್ತೆ ಫೋನ್ ಮಾಡಿದಾಗ ದನಿ ಇಳಿದಿತ್ತು.

"ನೀನು ಇಷ್ಟೆಲ್ಲ ಮಾಡಿದೀಯ ಅಂತ ನಮಗೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಅವನು ಕೆಮ್ಮಿದ. "ಕೆಳಗೆ ಒಬ್ಬ ಇದೆಲ್ಲ ಕಾಪಿ ಅಂತ ಬರೆದಿದಾನಲ್ಲ, ಅವನಿಗೆ ನಾನು ಸರಿಯಾಗಿ ಉತ್ತರ ಕೊಡ್ಲಾ?"

"ಅಯ್ಯೋ, ಬೇಡ ಏಟ್ಟಾ!"

ಓಣಂಗೆ ಮುಂಚೆ ಕೊಚ್ಚಿಯ ಸಣ್ಣ ಕಂಪನಿಯೊಂದರಿಂದ ಕರೆ ಬಂತು. ಅವರು ಅವಳ ಬರಹ ಓದಿಯೇ ಕರೆದಿದ್ದರು. ಒಂದು ಕಡೆ ಅವಳ ಮಾತನ್ನು ಒಪ್ಪದೆ ವಾದಕ್ಕೂ ಇಳಿದರು. ಇದು ನಿಮ್ಮದೇನಾ ಎಂದು ಮಾತ್ರ ಯಾರೂ ಕೇಳಲಿಲ್ಲ. ಸಿಕ್ಕಿದ್ದು ಮನೆಯಿಂದಲೇ ಮಾಡುವ ತಾತ್ಕಾಲಿಕ ಕೆಲಸ, ಸಂಬಳ ಮೊದಲಿಗಿಂತ ಕಡಿಮೆ. ಫ್ಲಾಟಿನ ಕರಾರನ್ನು ಬಿನಿಲಾ ತನ್ನ ಹೆಸರಿನಲ್ಲೇ ಮುಂದುವರಿಸಿದಳು. ಸಂಜೆ ಊಟಕ್ಕೆ ಈಗಲೂ ಒಬ್ಬಳೇ ಕೂರುತ್ತಾಳೆ. ಆದರೆ ಆ ಮನೆ ಅವಳದು.

ಇದನ್ನು ಓದುತ್ತಿರುವ ತಂತ್ರಜ್ಞರೇ, ನಿಮ್ಮ ಕೆಲಸ ಕಂಪನಿಯೊಳಗೇ ಹುಟ್ಟಿ ಅಲ್ಲೇ ಹೂತುಹೋಗುತ್ತಿದೆಯೇ? ಕೆಲಸ ಹೋಗುವವರೆಗೆ ಕಾಯಬೇಡಿ. ಈ ವಾರ ನೀವು ಬಿಡಿಸಿದ ಒಂದು ತೊಡಕನ್ನು, ಯಾರ ಗುಟ್ಟನ್ನೂ ಬಿಟ್ಟುಕೊಡದೆ, ಹತ್ತು ಸಾಲಿನಲ್ಲಿ ಬರೆಯಿರಿ. ಇದ್ದದ್ದನ್ನಷ್ಟೇ ಬರೆಯಿರಿ. ಜೊತೆಗೆ ದುಡಿದವರ ಬಗ್ಗೆ ನೀವೇ ಮೊದಲು ನಾಲ್ಕು ಒಳ್ಳೆಯ ಮಾತು ಬರೆದುಕೊಡಿ, ಆಮೇಲೆ ನಿಮಗಾಗಿ ಕೇಳಿ. ನಿಮ್ಮ ಮನೆಯ ಹೆಣ್ಣುಮಗಳು ಬರೆಯುತ್ತಿದ್ದರೆ ತಡೆಯಬೇಡಿ, ಕೂತು ಓದಿ. ಬರೆದದ್ದರ ಕೆಳಗೆ ನಿಮ್ಮ ಹೆಸರು ಹಾಕಿ. ಅದನ್ನು ನಿಮ್ಮ ಪರವಾಗಿ ಬೇರೆ ಯಾರೂ ಹಾಕುವುದಿಲ್ಲ.