ನೆಲದ ಮಿಸ್

ಮಗಳು ಗೋಡೆಯಿಂದ ಚಿತ್ರಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಟೇಪಿನ ಜೊತೆ ಗೋಡೆ ಬಣ್ಣದ ಹಕ್ಕಳೆಯೂ ಎದ್ದು ಬರುತ್ತಿತ್ತು.

“ಅಲ್ಲ ಕಣಮ್ಮಾ, ಬೆಳಿಗ್ಗೆಯಿಂದ ಸ್ಟೂಲ್ ಹತ್ತಿ ಇಳಿದು ಅಂಟಿಸಿದೀನಿ,” ಎಂದಳು ಶಿಶುವಿಹಾರದ ಆಯಾ. “ಬರೋರೆಲ್ಲ ದೊಡ್ಡೋರು. ಅವರ ಕಣ್ಣಿಗೆ ಕಾಣೋದು ಬೇಡ್ವಾ?”

“ಅಮ್ಮ ಇದ್ದಿದ್ರೆ ಒಪ್ತಿದ್ರಾ? ನನ್ನ ಸೊಂಟದ ಮಟ್ಟಕ್ಕೆ ಹಾಕೋಣ.”

ಆಯಾ ಹೊಸ ಟೇಪು ಹರಿದಳು. “ಇದಕ್ಕೇ ಎಷ್ಟು ಸಲ ಬೈಸಿಕೊಂಡಿದೀನಿ. ಬೈಯೋರಿಲ್ಲ ಅಂತ ಮೈಮರೆತೆ ನೋಡು.”

ಮಕ್ಕಳ ಕಣ್ಣಿನ ಎತ್ತರಕ್ಕೇ ಮಕ್ಕಳ ಚಿತ್ರ ಇರಬೇಕು. ನೋಡಬೇಕೆನ್ನುವ ದೊಡ್ಡವರು ಕೆಳಗೆ ಕೂರಲಿ. ಅಮ್ಮ ಇಲ್ಲಿ ಟೀಚರಾಗಿ ಸೇರಿದಾಗಿನಿಂದ ಪಾಲಿಸಿದ ನಿಯಮ ಅದು. ದಿನವಿಡೀ ಚಿತ್ರಗಳ ಬುಡದಲ್ಲೇ ಕೂತಿರುತ್ತಿದ್ದ ಅವಳಿಗೆ ಮಕ್ಕಳು ಇಟ್ಟ ಹೆಸರು ನೆಲದ ಮಿಸ್.

ಮಧ್ಯಾಹ್ನ ಅಮ್ಮನ ದೇಹವನ್ನು ಇದೇ ಕೋಣೆಗೆ ತರುವವರಿದ್ದರು. ಮಗಳು ಎಲ್ಲರೆದುರು ನಾಲ್ಕು ಮಾತು ಆಡಬೇಕಿತ್ತು.

“ಏನು ಹೇಳ್ತೀಯ ಅಂತ ಯೋಚಿಸಿದ್ಯಾ?” ಸೋದರಮಾವ ಬಾಗಿಲಲ್ಲೇ ನಿಂತು ಕೇಳಿದ.

“ಇನ್ನೂ ಇಲ್ಲ, ಮಾಮ.”

“ಒಳ್ಳೇದು ಹೇಳಮ್ಮ. ಇವತ್ತೊಂದು ದಿನ ಹಳೇದನ್ನ ಕೆದಕಬೇಡ.”

ಅವಳ ನಾಲಿಗೆಯ ತುದಿಯಲ್ಲಿದ್ದದ್ದು ಆ ಹಳೆಯದೊಂದೇ.

*

ಮಗಳಿಗಾಗ ಆರು ವರ್ಷ. ತನ್ನ ಸ್ಕೂಲಿಗೆ ರಜೆ ಇದ್ದುದರಿಂದ ಅಮ್ಮನ ಜೊತೆ ಇಲ್ಲಿಗೆ ಬಂದಿದ್ದಳು. ಒಬ್ಬ ಹುಡುಗ ಹಾಳೆಯ ತುಂಬ ಬರೀ ಕಪ್ಪು ಬಳಿದಿದ್ದ. ಅವನನ್ನು ಕರೆದೊಯ್ಯಲು ಬಂದ ತಾಯಿ, “ಇದೇನೋ, ಕಾಗೆನಾ?” ಎಂದು ನಕ್ಕಳು. ಹುಡುಗ ಗೋಡೆಗೆ ಮುಖ ತಿರುಗಿಸಿಬಿಟ್ಟ.

ಅಮ್ಮ ಅವನ ಪಕ್ಕ ಕೂತು ಎರಡೂ ಅಂಗೈಗಳನ್ನು ತೊಡೆಯ ಅಡಿಗೆ ಸೇರಿಸಿಕೊಂಡಳು. ಕೈ ಬಿಟ್ಟರೆ ಬೆರಳು ತಾನಾಗಿ ಚಿತ್ರವನ್ನು ತೋರಿಸಲು ಹೋಗುತ್ತದೆ ಎನ್ನುವುದು ಅವಳ ಲೆಕ್ಕ.

“ಇದರ ಬಗ್ಗೆ ಹೇಳು,” ಎಂದಳು. ಆಮೇಲೆ ಮಾತಿಲ್ಲ. ಹೊರಗೆ ಯಾರೋ ನಲ್ಲಿ ತಿರುಗಿಸಿ ಬಕೆಟ್ ತುಂಬಿಸಿ ನಿಲ್ಲಿಸಿದರು. ಅಮ್ಮ ಕಾಯುತ್ತಲೇ ಇದ್ದಳು.

“ಕರೆಂಟ್ ಹೋಗಿದೆ,” ಎಂದ ಹುಡುಗ. “ಒಳಗೆ ಅಜ್ಜಿ ಇದಾಳೆ. ನಾನಿದೀನಿ ಕಣೋ ಅಂತಿದಾಳೆ.”

ಅಂದು ಸಂಜೆ ಮಗಳೂ ಒಂದು ಹಾಳೆಗೆ ಪೂರ್ತಿ ಕಪ್ಪು ಬಳಿದು ಅಡುಗೆಮನೆಗೆ ಒಯ್ದಳು. ಪಾತ್ರೆ ತೊಳೆಯುತ್ತಿದ್ದ ಅಮ್ಮ ತಿರುಗಲಿಲ್ಲ. “ಚೆನ್ನಾಗಿದೆ, ಪುಟ್ಟಿ.”

ಶಿಶುವಿಹಾರದಲ್ಲಿ ಯಾರೂ ಆಡಬಾರದ ಮಾತು ಅದು. ‘ಚೆನ್ನಾಗಿದೆ ಅಂದ್ರೆ ಮಗುವಿನ ಬಾಯಿ ಮುಚ್ಚಿಸಿದ ಹಾಗೆ’ ಎಂದು ಹೊಸ ಟೀಚರುಗಳಿಗೆ ಹೇಳಿಕೊಡುತ್ತಿದ್ದವಳು ಅವಳೇ. ಮಗಳು ಮತ್ತೆ ಯಾವ ಚಿತ್ರವನ್ನೂ ಅವಳಿಗೆ ತೋರಿಸಲಿಲ್ಲ.

*

ಬಂದವರು ಒಬ್ಬೊಬ್ಬರಾಗಿ ಗೋಡೆಯ ಬುಡದಲ್ಲಿ ಕೂತರು. ಸೋದರಮಾವ ಮಂಡಿ ಹಿಡಿದುಕೊಂಡು ಇಳಿದ. “ಹೋದಮೇಲೂ ನೆಲಕ್ಕೆ ಕೂರಿಸಿದಳಲ್ಲ, ನಮ್ಮಕ್ಕ,” ಎಂದ. ನಗಲು ಹೋಗಿ ಬಿಕ್ಕಿದ.

ಮಗಳು ದೇಹದ ಪಕ್ಕ ನಿಂತಳು.

“ನಮ್ಮಮ್ಮ ತುಂಬ ಒಳ್ಳೆಯವರು,” ಎಂದಳು.

ಅಲ್ಲಿಗೆ ನಿಂತುಹೋಯಿತು. ತನ್ನ ಬಾಯಿಂದ ಬಂದದ್ದು ಅಡುಗೆಮನೆಯ ಆ ‘ಚೆನ್ನಾಗಿದೆ’ಯೇ, ತಿರುಗಿ ನೋಡದೆ ಆಡಿದ ಮಾತು ಎಂದು ಅವಳಿಗೆ ಕೇಳಿಸಿತು. ಯಾರೋ ಕೆಮ್ಮಿದರು. ಮಾಮ ಸಾಕು ಎಂಬಂತೆ ಕೈಸನ್ನೆ ಮಾಡಿದ.

ಆಗ ಶಿಶುವಿಹಾರದಲ್ಲಿ ಎಲ್ಲರೂ ಗುಬ್ಬಿ ಎಂದು ಕರೆಯುವ ಪುಟ್ಟ ಹುಡುಗಿ ತಾಯಿಯ ಕೈ ಬಿಡಿಸಿಕೊಂಡು ಬಂದಳು. ಮಗಳ ಕಾಲ ಬಳಿ ನೆಲದ ಮೇಲೆ ಕೂತು ಎರಡೂ ಅಂಗೈಗಳನ್ನು ತೊಡೆಯ ಅಡಿಗೆ ಸೇರಿಸಿಕೊಂಡಳು.

“ಮಿಸ್ ಬಗ್ಗೆ ಹೇಳಿ,” ಎಂದಳು. ಆಮೇಲೆ ಮಾತಿಲ್ಲ.

ಮಗಳು ಮೆಲ್ಲಗೆ ಅವಳ ಎದುರು ಕೂತಳು.

“ದಿನವೆಲ್ಲ ನಿಮ್ಮ ಜೊತೆ ಕೂತು ಸಂಜೆ ಮನೆಗೆ ಬರೋ ಹೊತ್ತಿಗೆ,” ಎಂದಳು, “ಅಮ್ಮನಿಗೆ ದನಿಯೇ ಹೊರಡ್ತಿರಲಿಲ್ಲ.”

ಗುಬ್ಬಿ ಕಣ್ಣು ಕದಲಿಸಲಿಲ್ಲ. ಅಂಗೈಗಳು ಇನ್ನೂ ತೊಡೆಯ ಅಡಿಯಲ್ಲೇ ಇದ್ದವು.