ಯಾರೂ ತೆರೆಯದ ವಿಡಿಯೋ

ಆಫೀಸಿನಲ್ಲಿ ಅವಳಿಗೆ ಕತ್ತರಿ ಎಂದೇ ಹೆಸರು. ಕ್ಲೌಡ್ ಸ್ಟೋರೇಜಿನ ಬಿಲ್ ಬಂದಾಗಲೆಲ್ಲ ಮ್ಯಾನೇಜರ್ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದ ಕಾಲವೊಂದಿತ್ತು. ಅದನ್ನು ಅರ್ಧಕ್ಕಿಳಿಸಿದವಳು ಇವಳೇ. ಉಪಾಯದಲ್ಲಿ ಅಂಥ ಬ್ರಹ್ಮವಿದ್ಯೆಯೇನೂ ಇರಲಿಲ್ಲ. ಆರು ತಿಂಗಳು ಯಾರೂ ತೆರೆಯದ ಫೈಲು ತಾನಾಗಿಯೇ ಅಗ್ಗದ ಆರ್ಕೈವಿಗೆ, ಅಂದರೆ ಹಳೇ ಸಾಮಾನು ಹಾಕುವ ಅಟ್ಟದಂಥ ಜಾಗಕ್ಕೆ, ಹೋಗಬೇಕು; ಅಲ್ಲಿಂದ ವಾಪಸ್ ಬೇಕೆಂದರೆ ಅರ್ಧ ದಿನ ಕಾಯಬೇಕು. ಎರಡು ವರ್ಷವಾದರೂ ಯಾರೂ ಕೇಳದಿದ್ದರೆ ಅಳಿಸಿಹೋಗಬೇಕು. ಯಾರೂ ಮುಟ್ಟದ್ದು ಯಾರಿಗೂ ಬೇಡದ್ದು, ಅದಕ್ಕೇಕೆ ಸುಮ್ಮನೆ ದಂಡ ತೆರಬೇಕು ಎನ್ನುವುದು ಅವಳ ವಾದ.

ಮನೆಯವರ ಫೋಟೋ, ವಿಡಿಯೋಗಳೂ ಅವಳ ಖಾತೆಯಲ್ಲೇ ಇದ್ದವು. ಅದಕ್ಕೂ ಇದೇ ನಿಯಮ ಹಾಕಿದ ದಿನ ತಮ್ಮ ಪಕ್ಕದಲ್ಲೇ ಕೂತು ರೇಗಿಸಿದ್ದ.

"ಅಕ್ಕಾ, ಮನೇಲಿ ನನ್ನನ್ನೂ ಯಾರೂ ಕೇಳೋರಿಲ್ಲ. ನನ್ನೂ ಅಟ್ಟಕ್ಕೆ ಹಾಕ್ಬಿಡ್ತೀಯಾ?"

"ನಿನಗೆ ಅಟ್ಟಾನೂ ದಂಡ," ಎಂದು ಅವಳು ತಲೆಗೊಂದು ಮೊಟಕಿದ್ದಳು.

ಆ ವರ್ಷವೇ ತಮ್ಮ ಬೈಕ್ ಅಪಘಾತದಲ್ಲಿ ಹೋದ. ಅವನ ಫೋನೂ ಅಲ್ಲೇ ಪುಡಿಪುಡಿಯಾಯಿತು. ಆಮೇಲೆ ನಿಯಮದ ನೆನಪು ಯಾರಿಗಿತ್ತು? ಅವನ ವಿಡಿಯೋ ಹಾಕಲೇ ಎಂದು ಒಂದೆರಡು ಸಲ ಕೇಳಿದ್ದಕ್ಕೆ ಅಮ್ಮ, "ಬೇಡ, ಇನ್ನೂ ನನ್ನ ಕೈಲಾಗಲ್ಲ. ಇರ್ಲಿ, ಅದೆಲ್ಲಿಗೆ ಹೋಗುತ್ತೆ?" ಎಂದಿದ್ದಳು. ನಿಜ ಹೇಳಬೇಕೆಂದರೆ ಮಗಳಿಗೂ ಎದೆ ಗಟ್ಟಿಯಿರಲಿಲ್ಲ. ಅಮ್ಮನ ಮಾತು ಅವಳಿಗೊಂದು ನೆಪವಾಯಿತು.

ಮೂರನೇ ವರ್ಷದ ಒಂದು ಭಾನುವಾರ ಅಮ್ಮ ಕನ್ನಡಕ ಒರೆಸಿಕೊಂಡು ತಾನಾಗಿಯೇ ಬಂದು ಕೂತಳು.

"ಅವನು ಅಡುಗೆಮನೇಲಿ ನನ್ನ ಥರ ನಡೆದು ತೋರಿಸ್ತಾನಲ್ಲ, ಅದನ್ನ ಹಾಕು. ಇವತ್ತು ನೋಡ್ತೀನಿ."

ಅರ್ಧ ದಿನ ಕಾಯಬೇಕಾಗುತ್ತದೆ ಎಂದು ಹೇಳಲು ಹೊರಟವಳು ಲ್ಯಾಪ್‌ಟಾಪ್ ತೆರೆದು ನೋಡಿದಳು. ತಮ್ಮನ ಫೋಲ್ಡರ್ ಖಾಲಿ. ಇನ್ನೆಲ್ಲೆಲ್ಲೋ ಹುಡುಕಿದಳು. ಹುಡುಕಿ ಪ್ರಯೋಜನವಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

"ಅಮ್ಮಾ, ಇಲ್ಲ. ಎರಡು ವರ್ಷ ಯಾರೂ ತೆರೆಯದಿದ್ರೆ ಅಳಿಸು ಅಂತ ನಾನೇ ಹಾಕಿದ್ದೆ."

ಅಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಾಗುತ್ತಿತ್ತು.

"ತೆರೀಲಿಲ್ಲ ಅಂದ್ರೆ ಬೇಡ ಅಂತಾನಾ? ಅದು ಇದೆ ಅನ್ನೋ ಧೈರ್ಯದಲ್ಲೇ ಅಲ್ವಾ ನಾನು ಇಷ್ಟು ದಿನ ತಳ್ಳಿದ್ದು."

ಮಗಳು ಬಿಕ್ಕಿ ಬಿಕ್ಕಿ ಅತ್ತಳು. ತನ್ನ ಕೈಯಾರೆ ತಮ್ಮನನ್ನು ಎರಡನೇ ಸಲ ಕಳೆದುಕೊಂಡೆ ಎಂಬ ಸಂಕಟ ಅವಳದು. ಅಮ್ಮ ಅವಳ ಬೆನ್ನು ಸವರುತ್ತಾ, ಕಣ್ಣ ಮುಂದೆ ನೋಡುತ್ತಿರುವಂತೆಯೇ ಹೇಳತೊಡಗಿದಳು.

"ಸೊಂಟದ ಮೇಲೆ ಕೈ ಇಟ್ಕೊಂಡು, ಸೌಟು ಹಿಡ್ಕೊಂಡು ಬರ್ತಾನೆ. ಅವತ್ತು ಆ ನೀಲಿ ಅಂಗಿ ಹಾಕಿದ್ದ."

"ಹಸಿರು ಅಲ್ವಾಮ್ಮ?" ಮಾತು ಬಾಯಿ ತಪ್ಪಿ ಬಂದುಬಿಟ್ಟಿತು.

ಇಬ್ಬರೂ ಒಟ್ಟಿಗೆ ಪರದೆಯ ಕಡೆ ತಿರುಗಿದರು. ನೋಡಿ ಹೇಳಲು ಅಲ್ಲಿ ಏನೂ ಇರಲಿಲ್ಲ.

"ಹಸಿರೇ ಇರ್ಬೇಕು ಬಿಡು," ಎಂದಳು ಅಮ್ಮ.