ಭಟ್ಟರ ಚೈನೀಸ್ ಬದನೆ

ವಿಮಲಾ ತೀರಿಹೋದ ತನ್ನ ಅಣ್ಣನ ಹಾಸಿಗೆ, ದಿಂಬು, ಪಂಚೆಗಳನ್ನೆಲ್ಲ ಗಂಟು ಕಟ್ಟಿ, ಕೊನೆಗೆ ಬಾಗಿಲ ಹಿಂದಿನ ಮೊಳೆಯಿಂದ ಅಂಗಿಯನ್ನೂ ಎಳೆದಳು. ಗಂಡನ ಶವದ ಪಕ್ಕ ಕೂತಿದ್ದ ಮುಕ್ತಾ ಬೆಳಗಿನಿಂದ ಮೊದಲ ಸಲ ಬಾಯಿ ತೆರೆದಳು.

"ಅದು ಇರಲಿ."

"ನಿನ್ನೆ ಹಾಕಿದ್ದು ಅತ್ತಿಗೆ, ಒಗೆದದ್ದೂ ಅಲ್ಲ. ಬೆಳ್ಳುಳ್ಳಿ ನಾತ ಹೊಡೀತಾ ಉಂಟು. ಇದೆಲ್ಲ ಚಟ್ಟದ ಜೊತೆ ಹೋಗ್ಬೇಕು."

"ಇರಲಿ ಅಂದೆನಲ್ಲ."

ಅಂಗಿ ಮತ್ತೆ ಮೊಳೆಗೆ ಹೋಯಿತು.

ವಿಠ್ಠಲವಾಡಿಯ ಆ ಎರಡು ಕೋಣೆಯ ಮನೆಯಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ಭಟ್ಟರು ಅಡುಗೆ ಮಾಡುತ್ತಿದ್ದ ಡೊಂಬಿವಲಿ ಸ್ಟೇಷನ್ ಎದುರಿನ ಹೋಟೆಲಿನ ಶಟರ್ ಎಳೆದು, ಮಾಲೀಕ ದಯಾನಂದ ಶೆಟ್ಟರಿಂದ ಹಿಡಿದು ಕಪ್ಪು ಬಸಿ ತೊಳೆಯುವವರವರೆಗೆ ಎಲ್ಲರೂ ಬಂದಿದ್ದರು. ಕಲ್ಯಾಣದ ತರಕಾರಿಯವನೂ ಬಂದಿದ್ದ. ಉದ್ದ ನೇರಳೆ ಬದನೆಯಲ್ಲಿ ಒಳ್ಳೆಯದನ್ನು ಆರಿಸಿ ಭಟ್ಟರಿಗೆಂದೇ ತೆಗೆದಿಡುತ್ತಿದ್ದವನು. ಎಲ್ಲರ ಬಾಯಲ್ಲೂ ಒಂದೇ ಮಾತು. ಪುಂಡರೀಕಾಕ್ಷ ಭಟ್ಟರು ಬೆಳ್ಳುಳ್ಳಿಯನ್ನು ನಾಲಿಗೆಗೆ ಸೋಕಿಸಿದವರಲ್ಲ. ತಾವೇ ಮಾಡಿದ ಚೈನೀಸ್ ಬದನೆಯನ್ನು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ತಿಂದವರಲ್ಲ. ಆದರೂ ಅದಕ್ಕಾಗಿ ಜನ ಥಾಣೆಯಿಂದ ಲೋಕಲ್ ಹತ್ತಿ ಬರುತ್ತಿದ್ದರು.

ಶೆಟ್ಟರು ಮುಕ್ತಾಳ ಎದುರು ನೆಲದ ಮೇಲೆ ಕೂತರು. "ಅಮ್ಮ, ನಾಳೆ ಆ ಹೆಸರು ಬೋರ್ಡಿಂದ ಅಳಿಸ್ತೇನೆ. ಭಟ್ರ ಜೊತೆಗೇ ಹೋಗ್ಲಿ. ಅದೇ ಮರ್ಯಾದೆ."

"ಸಂಗಮೇಶ ಇದ್ದಾನಲ್ಲ?"

"ಆರು ವರ್ಷ ಪಕ್ಕದಲ್ಲಿ ನಿಂತವ, ಅಳತೆ ಎಲ್ಲ ಗೊತ್ತುಂಟು. ಆದ್ರೆ ಸರಿ ಆಯ್ತು ಅಂತ ಹೇಳುವವರು ಯಾರು? ಆ ಮೂಗೇ ಹೋಯ್ತಲ್ಲ."

ಮುಕ್ತಾ ಶವದತ್ತ ತಿರುಗಿದಳು. ಗಂಡನ ಹೆಸರನ್ನು ಈ ಊರು ಬರೆದಿದ್ದದ್ದು ಒಂದೇ ಕಡೆ, ಆ ಬೋರ್ಡಿನ ಏಳನೆಯ ಸಾಲಿನಲ್ಲಿ: ಭಟ್ಟರ ಚೈನೀಸ್ ಬದನೆ.

*

ಇಪ್ಪತ್ತೆರಡು ವರ್ಷದ ಹಿಂದೆ ಹಡಗಿನ ಕೆಲಸದ ಗಿರಾಕಿಯೊಬ್ಬ ಶೆಟ್ಟರಿಗೆ ಒಂದು ಬಾಟಲಿ ತಂದುಕೊಟ್ಟಿದ್ದ. ಮೇಲೆ ಚೀನೀ ಅಕ್ಷರ, ಒಳಗೆ ಹುದುಗಿಸಿದ ಕಾಳಿನ ಕಪ್ಪು ಗೊಜ್ಜು. ಹೋಟೆಲಿನ ಚೈನೀಸ್ ಅಡುಗೆಯವನು ಅದನ್ನು ಬದನೆಗೆ ಹಾಕಿ ಹುರಿದದ್ದು ಜನರಿಗೆ ಹಿಡಿಸಿತು. ಆದರೆ ಗೊಜ್ಜು ಮುಗಿಯಿತು, ಅಡುಗೆಯವನೂ ಹೇಳದೆ ಕೇಳದೆ ಊರಿಗೆ ಹೋದ. ಆ ಒಲೆಯ ಮುಂದೆ ಭಟ್ಟರು ನಿಲ್ಲಬೇಕಾಯಿತು.

ಅವರು ಖಾಲಿ ಬಾಟಲಿಯನ್ನು ಮನೆಗೆ ತಂದು ವಾರವಿಡೀ ಮೂಸಿದರು. ಅದರೊಳಗೆ ಯಾವುದೋ ದೂರದೇಶದ ಅಂಗಳವಿದೆ, ಅಲ್ಲಿ ಭರಣಿಗಳು ಸಾಲಾಗಿ ಬಿಸಿಲು ಕಾಯಿಸುತ್ತಾ ಕೂತಿವೆ ಎಂದು ಹೆಂಡತಿಗೆ ಹೇಳಿದರು. ಆಮೇಲೆ ಸೋಯಾ ಕಾಳು ಬೇಯಿಸಿ, ಗೋಧಿಹಿಟ್ಟಿನಲ್ಲಿ ಹೊರಳಿಸಿ, ಬೂಷ್ಟು ಬರಿಸಿ, ಉಪ್ಪುನೀರು ಹಾಕಿ ಟೆರೇಸಿನಲ್ಲಿಟ್ಟರು. ಬಿಲ್ಡಿಂಗಿನವರೆಲ್ಲ ಮೂಗು ಮುಚ್ಚಿ ಜಗಳಕ್ಕೆ ಬಂದರು. ಮೂರು ಭರಣಿ ಕೆಟ್ಟು ಗಟಾರ ಸೇರಿತು. ನಾಲ್ಕನೆಯದರ ಮುಚ್ಚಳ ತೆಗೆದು ಮುಕ್ತಾಳ ಮುಂದೆ ಹಿಡಿದರು.

"ರುಚಿ ನೋಡದೆ ಹೇಗೆ ಹೇಳುವುದು?" ಎಂದಳು ಅವಳು.

"ದೇವರ ನೈವೇದ್ಯಕ್ಕೆ ಮಾಡುವಾಗ ರುಚಿ ನೋಡ್ತೇವಾ? ಮೂಗಿಲ್ವಾ ನಮಗೆ?"

ಅಂದಿನಿಂದ ಅದು ಇಬ್ಬರ ಆಟವಾಯಿತು. ಭಟ್ಟರು ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ನಿಂತರೆ, ಅಂಗಿಯ ವಾಸನೆಯಿಂದಲೇ ಮುಕ್ತಾ ತೀರ್ಪು ಕೊಡುವಳು. ಇವತ್ತು ಬೆಳ್ಳುಳ್ಳಿ ಕರಟಿದೆ. ಇವತ್ತು ಹುಳಿ ಮುಂದಾಗಿದೆ. ಭಟ್ಟರು ಒಪ್ಪದೆ ವಾದಿಸುವರು, ಮರುದಿನ ತಿದ್ದಿಕೊಳ್ಳುವರು. ಎಲ್ಲ ಸರಿಯಾಗಿದ್ದ ದಿನ ಅವಳು ಏನೂ ಹೇಳುತ್ತಿರಲಿಲ್ಲ. ಸುಮ್ಮನೆ ಕೈಗೆ ಟವೆಲು ಕೊಡುತ್ತಿದ್ದಳು.

ನಿನ್ನೆಯೂ ಸುಮ್ಮನೆ ಟವೆಲು ಕೊಟ್ಟಿದ್ದಳು.

*

ದಹನ ಮುಗಿಸಿ ಬಂದ ಗಂಡಸರು ಸ್ನಾನ ಮಾಡಿ ಕೂತಾಗ ಹೋಟೆಲಿನಿಂದ ಅನ್ನ, ಸಾರು ಬಂತು. ತಂದವನು ಸಂಗಮೇಶ, ವಿಜಯಪುರದ ಕಡೆಯವನು. ಪಾತ್ರೆಗಳನ್ನು ಒಳಗೆ ಕೊಟ್ಟು, ಸಣ್ಣ ಡಬ್ಬಿಯೊಂದನ್ನು ಹಿಡಿದು ಮೆಟ್ಟಿಲ ಮೇಲೆಯೇ ನಿಂತ. ಸೂತಕದ ಮನೆಗೆ ಬೆಳ್ಳುಳ್ಳಿ ತರುವುದಾ ಎಂದು ವಿಮಲಾ ಗದರಿದಳು.

"ತಿನ್ನಾಕ ಅಲ್ರೀ," ಎಂದ. "ಅವ್ವಾರು ಒಮ್ಮಿ ಮೂಸಿ ನೋಡ್ಲಿ ಅಂತ ತಂದೀನಿ. ತಮ್ಮನ್ನ ತಿದ್ದಾವರು ಮನ್ಯಾಗ ಅದಾರ ಅಂತ ಭಟ್ರು ಹೇಳ್ತಿದ್ರು."

ಶೆಟ್ಟರು ತಲೆ ಎತ್ತಿ ಮುಕ್ತಾಳನ್ನು ನೋಡಿದರು.

ಅವಳು ಏಳುತ್ತಿದ್ದಂತೆ ಮಗ ಕಶ್ಯಪ, "ಅಮ್ಮಾ, ಅಂದರ್ ಬೈಠೋ ನಾ," ಎಂದು ಹೊರಗೆ ಹೋಗದಂತೆ ಕೈ ಹಿಡಿದ. ಅವಳು ಕೈ ಬಿಡಿಸಿಕೊಂಡು ಹೊಸಿಲು ದಾಟಿದಳು. ಡಬ್ಬಿಯನ್ನು ಮುಟ್ಟಲಿಲ್ಲ. ಸಂಗಮೇಶ ಮುಚ್ಚಳ ತೆಗೆದ. ಅವಳು ಕಣ್ಣು ಮುಚ್ಚಿ ಬಗ್ಗಿದಳು. ಮೆಟ್ಟಿಲ ಮೇಲೆ ಕೂತಿದ್ದವರು ಕತ್ತು ಚಾಚಿದರು.

"ಬದನೆ ಸರಿ ಉಂಟು," ಎಂದಳು. "ಒಂದು ತಪ್ಪುಂಟು. ಎಂತ ಅಂತ ನಾನು ಹೇಳುವುದಿಲ್ಲ."

ಒಳಗೆ ಹೋಗಿ ಮೊಳೆಯಿಂದ ಅಂಗಿ ತಂದು ಅವನಿಗೆ ಚಾಚಿದಳು. "ಇದು ನಿನ್ನೆಯದು."

ಸಂಗಮೇಶ ಡಬ್ಬಿಯನ್ನು ಕೆಳಗಿಟ್ಟ. ಎರಡೂ ಕೈಯಲ್ಲಿ ಅಂಗಿ ತೆಗೆದುಕೊಂಡು ಅದರಲ್ಲಿ ಮುಖ ಹುದುಗಿಸಿ ನಿಂತ. ಅಳುತ್ತಿದ್ದಾನೋ ಮೂಸುತ್ತಿದ್ದಾನೋ ಕೆಳಗಿನ ಮೆಟ್ಟಿಲಿನವರಿಗೆ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಬಗ್ಗಿ ಡಬ್ಬಿಯನ್ನೊಮ್ಮೆ ಮೂಸಿ, ಮತ್ತೆ ಅಂಗಿಯನ್ನು ಮೂಸಿದ.

"ಗೊಜ್ಜು ಹಸಿ ಉಳದೈತ್ರಿ," ಎಂದ. "ಎಣ್ಣಿ ಬಿಡೂತನಕ ನಾ ಕಾಯಲಿಲ್ಲ."

ಶೆಟ್ಟರು ಬಾಗಿಲಿಗೆ ಬಂದು, ಸರಿಯೋ ತಪ್ಪೋ ಈಗಾದರೂ ಹೇಳಬಹುದೇನೋ ಎಂಬಂತೆ ಅವಳ ಮುಖ ನೋಡಿದರು.

ಮುಕ್ತಾ ಏನೂ ಹೇಳಲಿಲ್ಲ. ಹಗ್ಗದ ಮೇಲಿದ್ದ ಟವೆಲು ಎಳೆದು, ಸುಮ್ಮನೆ ಸಂಗಮೇಶನ ಕೈಗೆ ಕೊಟ್ಟಳು.